ಸಹಾಯ ಬೇಕು: ಆಟದಲ್ಲಿ ಲೆವೆಲ್ 40 ದಾಟಿದ ಮೇಲೆ ಮುಂದೆ ಏರಿಸೋಕೆ ಮನಸ್ಸೇ ಇಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಆಟ ಆಡೋರು ಯಾರಾದ್ರೂ ಇದ್ದೀರಾ?

ನನ್ನ ಮೊದಲ ಪಾತ್ರ, ಹಂಟರ್ (ಬೇಟೆಗಾರ), ಕೊನೇ ಲೆವೆಲ್ 60 ಮುಟ್ಟಿ ಆಯ್ತು. ಈಗ ಎರಡನೇದಾಗಿ ಪ್ರೀಸ್ಟ್ (ಪುರೋಹಿತ) ಬೆಳೆಸುತ್ತಿದ್ದೇನೆ, 43ರಲ್ಲಿ ನಿಂತಿದೆ. 40ಕ್ಕೆ ಸವಾರಿಗೆ ಕುದುರೆ ಸಿಗುತ್ತೆ ಅನ್ನೋ ಆಸೆಗೆ ಅಲ್ಲಿವರೆಗೂ ಎಳೆದೆ. ಆಮೇಲೆ ಮುಂದೆ ಏನು ಅಂತಾನೇ ಗೊತ್ತಾಗ್ತಿಲ್ಲ. ಆಟದೊಳಗಿನ ತನಾರಿಸ್ ಮರಳುಗಾಡಿನಲ್ಲಿ ಒಬ್ಬ ಕಳ್ಳನ ಮೇಲೆ ಮಂತ್ರ ಹಾಕೋದು, ಉಳಿದದ್ದು ವಾಂಡ್‌ನಲ್ಲಿ (ಮಂತ್ರದಂಡದಲ್ಲಿ) ಮುಗಿಸೋದು, ಮಾನಾ (ಮಂತ್ರ ಹಾಕೋ ಶಕ್ತಿ) ಖಾಲಿಯಾದ್ರೆ ಕೂತು ನೀರು ಕುಡಿಯೋದು. ಮತ್ತೆ ಇನ್ನೊಬ್ಬ ಕಳ್ಳ. ನಮ್ಮಮ್ಮ ಹಿಂದೆ ನಿಂತು ನೋಡಿ, "ಏನೋ, ಬರೀ ನೀರೇ ಕುಡೀತಾನಲ್ಲೋ ಅವನು" ಅಂದ್ರು. ನಿಜಾನೇ.

ಕೆಲಸ ಮೈಸೂರಲ್ಲಿ, ಮನೆ ಮಂಡ್ಯ. ರೈಲಿಳಿದು ಊಟ ಮುಗಿಸೋ ಹೊತ್ತಿಗೆ ಒಂದು ಗಂಟೆ ಆಟ ಸಿಕ್ಕರೆ ಜಾಸ್ತಿ. ಆಟದ ಇನ್‌ನಲ್ಲಿ (ತಂಗುದಾಣದಲ್ಲಿ) ಲಾಗೌಟ್ ಆದ್ರೆ ರೆಸ್ಟೆಡ್ ಎಕ್ಸ್‌ಪಿ, ಅಂದ್ರೆ ವಿಶ್ರಾಂತಿಯ ಬೋನಸ್, ಕೂಡುತ್ತೆ, ಶತ್ರುಗಳನ್ನ ಕೊಂದಾಗ ಲೆವೆಲ್ ಏರಿಸೋ ಅಂಕ ದುಪ್ಪಟ್ಟು ಬರುತ್ತೆ, ಅದು ಗೊತ್ತು. ಆದ್ರೆ ಅದು ಒಂದೂವರೆ ಲೆವೆಲ್‌ಗೆ ನಿಲ್ಲುತ್ತೆ, ಕ್ವೆಸ್ಟ್‌ಗೂ (ಆಟ ಕೊಡೋ ಕೆಲಸಗಳಿಗೂ) ಅನ್ವಯಿಸಲ್ಲ. ನನಗೆ ಬೇಕಾಗಿರೋದು ಲೆಕ್ಕ ಅಲ್ಲ, ಹುರುಪು.

ನೀವು ಎರಡನೇ ಪಾತ್ರ ಬೆಳೆಸುವಾಗ ಬೇಜಾರು ಹೇಗೆ ಕಳೆದಿರಿ? ಬೇರೆ ಜಾಗಕ್ಕೆ ಹೋಗಲಾ, ಅಥವಾ ಸುಮ್ನೆ ಕೆಲವು ದಿನ ಬಿಡಲಾ? ಗುಂಪಾಗಿ ಆಡೋ ಡಂಜನ್ ಜುಲ್‌ಫರಾಕ್‌ಗೆ ಹೋಗೋಕೆ ಹೀಲರ್ (ಗಾಯ ವಾಸಿ ಮಾಡೋನು) ಬೇಕಿದ್ದರೆ ನಾನು ರೆಡಿ. ರಾತ್ರಿ ಒಂಬತ್ತೂವರೆ ಮೇಲೆ, ಭಾನುವಾರ ಯಾವಾಗ ಬೇಕಾದ್ರೂ.