ಸಹಾಯ ಬೇಕು: ಡಿಫ್ರಾಗ್ ಕಮಾಂಡ್ 10% ಹತ್ತಿರವೇ ನಿಂತುಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, 500 ಜಿಬಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಅಲ್ಲ, ತಿರುಗುವ ಡಿಸ್ಕೇ. ಡಿ ಡ್ರೈವ್ ತುಂಬ ಅಪ್ಪ ವರ್ಷಗಟ್ಟಲೆ ರೆಕಾರ್ಡ್ ಮಾಡಿದ ಯಕ್ಷಗಾನದ ವಿಡಿಯೋಗಳು. ಈಗ ಯಾವುದನ್ನು ತೆರೆದರೂ ಚೆಂಡೆ ನಾಲ್ಕು ಪೆಟ್ಟು ಕೇಳಿ ನಿಂತುಬಿಡುತ್ತದೆ. ಡಿಸ್ಕ್ ಮಾತ್ರ ಕರಕರ ಅನ್ನುತ್ತಲೇ ಇರುತ್ತದೆ.

ನಿನ್ನೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ. ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿದ ಫೈಲುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಕಮಾಂಡಿಗೆ ಡ್ರೈವ್ ಅಕ್ಷರದ ಜೊತೆ /ಎ ಕೊಟ್ಟು ಮೊದಲು ಬರೀ ತಪಾಸಣೆ ಮಾಡಿಸಿದೆ. 41% ಚೂರುಚೂರಾಗಿದೆ ಅಂತ ಬಂತು. ಆಮೇಲೆ ಎಷ್ಟಾಯ್ತು ಅನ್ನುವುದೂ ವಿವರವೂ ಕಾಣಲಿ ಅಂತ /ಯು ಮತ್ತು /ವಿ ಹಾಕಿ ನಿಜವಾದ ಕೆಲಸಕ್ಕೆ ಬಿಟ್ಟೆ. ಐದು ಗಂಟೆ ಆಯ್ತು, 10% ದಾಟಿಲ್ಲ. ಡ್ರೈವಿನಲ್ಲಿ ಖಾಲಿ ಇರುವುದು 9% ಅಷ್ಟೇ. ಪೂರ್ತಿ ಡಿಫ್ರಾಗ್ ಆಗಲು ಕನಿಷ್ಠ 15% ಜಾಗ ಬೇಕಂತೆ. ಅದೇ ಕಾರಣ ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಕರೆಂಟಿನದು. ನಮ್ಮೂರಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಸತ್ತಿದೆ. ಈಗ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿದರೆ ಫೈಲುಗಳಿಗೆ ಏನೂ ಆಗುವುದಿಲ್ಲ ತಾನೇ? ನಿಲ್ಲಿಸಿದ ಮೇಲೆ ಮೊದಲು ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ಕಮಾಂಡ್) ಓಡಿಸಲಾ, ಅಥವಾ ಆ ಕರಕರ ಸದ್ದು ಡಿಸ್ಕ್ ಹೋಗುವ ಸೂಚನೆ ಅಂತ ತಿಳಿದು ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಲಾ? ಇವುಗಳ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅಪ್ಪ ದಿನಾ ಸಂಜೆ ಕೇಳುತ್ತಾರೆ, "ಸರಿ ಆಯ್ತಾ ಮಗಾ?" ಅಂತ. ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ, ಕಂಪ್ಯೂಟರ್ ಇನ್ನೂ ಓಡುತ್ತಲೇ ಇದೆ.