ಸಹಾಯ ಬೇಕು: ಎದುರಾಳಿಯ ಅಂಗಳದಲ್ಲಿ ಮಂಕಾಗುವ ತಂಡ

ಎಲ್ಲರಿಗೂ ನಮಸ್ಕಾರ. ಹದಿನಾರರ ಒಳಗಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿ ಕೊಡುತ್ತಿದ್ದೇನೆ. ನಮ್ಮ ಅಂಗಳದಲ್ಲಿ ಹುಲಿಗಳು. ಎದುರಾಳಿಯ ಅಂಗಳಕ್ಕೆ ಕಾಲಿಟ್ಟರೆ ಬಾಯಿಂದ ಮಾತೇ ಹೊರಡುವುದಿಲ್ಲ. ಕಳೆದ ಪಂದ್ಯದಲ್ಲಿ ನಾಯಕಿ ಫ್ರೀ ಥ್ರೋಗೆ (ಯಾರೂ ಅಡ್ಡಿಪಡಿಸದ ಎಸೆತಕ್ಕೆ) ನಿಂತಾಗ ಬೋರ್ಡಿನ ಹಿಂದಿನಿಂದ ಕೂಗು ಎದ್ದಿತು. ಎಸೆಯಲು ಇರುವುದೇ 5 ಸೆಕೆಂಡು. ಎಂದಿನಂತೆ ಚೆಂಡನ್ನು ಮೂರು ಸಲ ಪುಟಿಸುವುದನ್ನೂ ಮರೆತು ಎಸೆದುಬಿಟ್ಟಳು. ಅದು ರಿಂಗಿಗೆ ತಾಗಲೂ ಇಲ್ಲ.

ಎಲ್ಲಿ ಹೋದರೂ ರಿಂಗಿನ ಎತ್ತರ 3.05 ಮೀಟರೇ ಎಂದು ಟೇಪು ಹಿಡಿದು ತೋರಿಸಿದೆ. ತಲೆಯಾಡಿಸಿದರು, ಅಷ್ಟೇ. ಅಭ್ಯಾಸದ ವೇಳೆ ಧ್ವನಿವರ್ಧಕದಲ್ಲಿ ಗದ್ದಲ ಹಾಕಿದೆ. ಎರಡನೇ ದಿನ ಅದಕ್ಕೇ ಕುಣಿಯತೊಡಗಿದರು!

ಪಂದ್ಯಕ್ಕೆ ಮುಂಚಿನ ಒಂದು ಗಂಟೆಯಲ್ಲಿ ನೀವು ಏನು ಮಾಡಿಸುತ್ತೀರಿ? ಭಾಷಣ ನನಗೂ ಬರುತ್ತದೆ. ಕೆಲಸಕ್ಕೆ ಬಂದ ಉಪಾಯವಿದ್ದರೆ ದಯವಿಟ್ಟು ತಿಳಿಸಿ.