ಅಪ್‌ಡೇಟ್: ಆ ಲರ್ಚರ್ ನಾಯಿಮರಿಯನ್ನು ತರಲಿಲ್ಲ

ಮೊಲ ಹಿಡಿಯುವ ಲರ್ಚರ್ ಮರಿಯನ್ನು ವ್ಯಾಪಾರಕ್ಕೆಂದೇ ನಾಯಿ ಸಾಕುವವರಿಂದ ಕೊಳ್ಳಬಹುದೇ ಎಂದು ಹೋದ ತಿಂಗಳು ಇಂಗ್ಲೆಂಡಿನ ಲಿಂಕನ್‌ಶೈರ್‌ನಿಂದ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ, ಬೈದವರಿಗೂ.

ಹೋಗಿ ನೋಡಿದೆ. ಪರವಾನಗಿ ಇತ್ತು, ಕಾಗದಪತ್ರ ಅಚ್ಚುಕಟ್ಟಾಗಿತ್ತು, ಮರಿಗಳಂತೂ ಬೆಣ್ಣೆಮುದ್ದೆಗಳು. ತಾಯಿಯನ್ನು ತೋರಿಸಿ ಎಂದಾಗ ಮಾತ್ರ, ‘ಬೇರೆ ಶೆಡ್ಡಿನಲ್ಲಿದೆ, ಈಗ ಆಗುವುದಿಲ್ಲ’ ಎಂದರು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಲೂಸಿ ಕಾನೂನು ಜಾರಿಯಲ್ಲಿದೆ. ಮರಿಯನ್ನು ಹುಟ್ಟಿದ ಜಾಗದಲ್ಲೇ, ತಾಯಿಯ ಜೊತೆಗೇ ತೋರಿಸಬೇಕು. ಅಪ್ಪ–ಅಮ್ಮ ಬೇಟೆಗೆ ಹೋಗುತ್ತವೆಯೇ ಎಂದೆ. ‘ರಕ್ತದಲ್ಲೇ ಇದೆ’ ಎಂಬ ಉತ್ತರ ಬಂತು. ಲರ್ಚರ್ ಒಂದು ತಳಿಯೇ ಅಲ್ಲ. ಗ್ರೇಹೌಂಡ್, ವಿಪೆಟ್‌ಗಳಂಥ ಓಟದ ನಾಯಿಗೆ ಕುರಿ ಕಾಯುವ ಕೋಲಿಯನ್ನೋ ಟೆರಿಯರ್ ಅನ್ನೋ ಕೂಡಿಸಿದ ಬೆರಕೆ. ವಂಶಪತ್ರವಿಲ್ಲದ ಮೇಲೆ ತಂದೆತಾಯಿಯ ಕೆಲಸವೇ ಅದರ ಪ್ರಮಾಣಪತ್ರ. ಬರಿಗೈಯಲ್ಲಿ ಬಂದೆ.

ಆಮೇಲೆ ನಿಮ್ಮಲ್ಲೊಬ್ಬರು ಹೇಳಿದ ಮೊಲ ಹಿಡಿಯುವ ಮುದುಕರನ್ನು ಹುಡುಕಿದೆ. ಅವರು ಬಿಲದ ಬಾಯಿಗೆ ಬಲೆ ಹಾಸಿ, ಒಳಗೆ ಫೆರೆಟ್ (ಮುಂಗುಸಿಯಂಥ ಸಾಕುಪ್ರಾಣಿ) ಬಿಟ್ಟು ಕುಳಿತರು; ಹೆಣ್ಣು ಲರ್ಚರ್ ಉಸಿರು ಬಿಗಿಹಿಡಿದು ನಿಂತಿತ್ತು. ಬಲೆ ತಪ್ಪಿಸಿಕೊಂಡ ಮೊಲವನ್ನು ಜೀವಂತವಾಗಿ ತಂದು ಅವರ ಕೈಗೆ ಕೊಟ್ಟಿತು! ಅದರ ಮರಿಗಳಿಗೆ ಈಗ ಐದು ವಾರ. ಎಂಟಾದ ಮೇಲೆ ಒಂದು ನಮ್ಮ ಮನೆಗೆ.

ನಾಯಿ ಬಿಟ್ಟು ಹೇರ್ (ಬಿಲ ತೋಡದ ದೊಡ್ಡ ಕಾಡುಮೊಲ) ಬೇಟೆಯಾಡುವ ಬಗ್ಗೆ ಕೇಳಿದವರಿಗೆ: ಇಲ್ಲ. 2004ರ ಬೇಟೆ ಕಾಯ್ದೆ ಅದನ್ನು ನಿಷೇಧಿಸಿದೆ. ಜಮೀನಿನ ಒಡೆಯರ ಒಪ್ಪಿಗೆಯಿದ್ದರೆ ಬಿಲದ ಮೊಲವನ್ನು ಹಿಡಿಯಲು ಅಡ್ಡಿಯಿಲ್ಲ.

ಬಾಗಲಕೋಟೆಯಿಂದ ಮಾವ ಮಾತ್ರ ಇನ್ನೂ ಕೇಳುತ್ತಲೇ ಇದ್ದಾರೆ: ‘ಮುಧೋಳ ನಾಯಿಗೆ ಏನು ಕೊರತೆಯಾಗಿತ್ತು?’